ಗಂಟಿನ ಕೆಳಗಿನ ಚಿಗುರು

ಅಕ್ಕ ಹತ್ತು ಗಂಟೆಗೆ ಬರುತ್ತೇನೆ ಎಂದಳೆಂದರೆ ಒಂಬತ್ತೂವರೆಗೇ ಬಾಗಿಲಲ್ಲಿ ನಿಲ್ಲುವವಳು. ಅದು ಗೊತ್ತಿದ್ದೇ ಅವನು ಏಳು ಗಂಟೆಯಿಂದ ಹಿತ್ತಲಿನಲ್ಲಿ ಮರದ ಸುತ್ತ ತಿರುಗುತ್ತಿದ್ದ. ಮರದಲ್ಲಿ ಒಂದು ಎಲೆಯೂ ಇರಲಿಲ್ಲ. ಚಳಿಗೆ ಎಲ್ಲವನ್ನೂ ಉದುರಿಸಿಕೊಂಡು, ಕಡ್ಡಿಗಳನ್ನು ನೆಟ್ಟಗೆ ಮೇಲಕ್ಕೆತ್ತಿ ನಿಂತಿತ್ತು. ಎಲೆ ಹಣ್ಣು ಎರಡೂ ಇಲ್ಲದಾಗ ಒಂದು ಪ್ಲಮ್ ಮರಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಎಲ್ಲರ ಕಣ್ಣಿಗೂ ಬೀಳುವುದಿಲ್ಲ, ಅದೊಂದೇ ಸಮಾಧಾನ. ಆದರೆ ಮುಳ್ಳು? ಅಮ್ಮನ ಮರಕ್ಕೆ ಮುಳ್ಳಿರಲಿಲ್ಲ, ಈ ದರಿದ್ರದ್ದಕ್ಕೆ ಅಲ್ಲಲ್ಲಿ ಸೂಜಿಯಂಥ ಮುಳ್ಳು. ಬೆಳಗ್ಗೆ ಎದ್ದವನೇ ಮುಖ ಕೂಡ ತೊಳೆಯದೆ, ಕೈಗೆಟುಕುವ ಮುಳ್ಳುಗಳನ್ನೆಲ್ಲ ಕಿತ್ತು ಕಾಂಪೌಂಡಿನ ಆಚೆ ಎಸೆದಿದ್ದ. ಎಸೆದ ಮೇಲೆ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಹೇಸಿಗೆಯನ್ನು ಇಟ್ಟುಕೊಂಡು ಏನು ಮಾಡುವುದು, ಅದನ್ನೂ ಅಕ್ಕನ ತಲೆಗೇ ಕಟ್ಟಿದ. ರಿಟೈರಾದವರು ಸುಮ್ಮನೆ ಮನೆಯಲ್ಲಿ ಕೂತು ಟೀವಿ ನೋಡಬಾರದೇ? ನಲವತ್ತು ವರ್ಷ ನರ್ಸಾಗಿ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳನ್ನು ಗದರಿಸಿಕೊಂಡಿದ್ದವಳು, ಈಗ ಗದರಿಸಲು ಯಾರೂ ಸಿಗದೆ ಗಿಡಗಳ ಹಿಂದೆ ಬಿದ್ದಿದ್ದಾಳೆ. ಹೊಸ ಮನೆಗೆ ಬಿಸಿಲು ಬೀಳುವ ಹಿತ್ತಲಿದೆಯಂತೆ. ಕಸಿಯ ಬುಡಕ್ಕೆಂದು ಕುಂಡದಲ್ಲಿ ಮೂರು ಕಾಡುಗಿಡ ಎಬ್ಬಿಸಿ ಇಟ್ಟಿದ್ದಾಳಂತೆ. ಅಮ್ಮನ ಮರದ ನಾಲ್ಕು ಕಡ್ಡಿ ಕೊಟ್ಟರೆ ಮುಗಿಯಿತಂತೆ, ಕಸಿ ಕಟ್ಟಿಬಿಡುತ್ತಾಳಂತೆ. ಫೋನಿನಲ್ಲಿ ಇದನ್ನೆಲ್ಲ ಹೇಳುವಾಗ ಅವಳ ದನಿಯಲ್ಲಿದ್ದ ಉತ್ಸಾಹ ನೆನೆದರೇ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

"ಕಾಫಿ ಆರಿ ನೀರಾಯ್ತು," ಎಂದಳು ಹೆಂಡತಿ, ಅಡುಗೆಮನೆಯ ಕಿಟಕಿಯಿಂದ. ಅವನು ತಿರುಗಲಿಲ್ಲ. "ನೀವೇ ಹೇಳ್ತೀರೋ, ನಾನೇ ಹೇಳ್ಲೋ?"

"ನೀನು ಬಾಯಿ ಮುಚ್ಕೊಂಡಿದ್ರೆ ಸಾಕು."

"ಎರಡು ವರ್ಷದಿಂದ ಮುಚ್ಕೊಂಡೇ ಇದೀನಿ. ಅವರು ಫೋನ್ ಮಾಡಿ ಹಣ್ಣಿನ ಮಾತು ಎತ್ತಿದಾಗೆಲ್ಲ ನಂಗೆ ಭೂಮಿ ಬಾಯ್ಬಿಡಬಾರ್ದಾ ಅನ್ಸುತ್ತೆ. ನಿಮಗೇನೂ ಅನ್ಸಲ್ವಾ?"

ಅನ್ನಿಸುವುದಿಲ್ಲವೇ! ಅವನಿಗೆ ಅನ್ನಿಸಿದ್ದರಲ್ಲಿ ಕಾಲುಭಾಗ ಇವಳಿಗೆ ಅನ್ನಿಸಿದ್ದರೆ ಇವಳು ಒಲೆಯ ಮುಂದೆ ನಿಂತಿರುತ್ತಿರಲಿಲ್ಲ. ಅವನು ಕಾಫಿ ಲೋಟವನ್ನು ಕಿಟಕಿಯ ಕಟ್ಟೆಯಿಂದ ತೆಗೆದು, ತಣ್ಣಗಿದ್ದದ್ದನ್ನು ಒಂದೇ ಗುಟುಕಿಗೆ ಕುಡಿದು, ಲೋಟವನ್ನು ಬೇಕೆಂದೇ ಸದ್ದಾಗುವಂತೆ ಕುಕ್ಕಿದ. ಚಿಕ್ಕಂದಿನಲ್ಲಿ ಅವರಿದ್ದ ಬಾಡಿಗೆ ಮನೆಯ ಮಾಲೀಕ ಹೀಗೆಯೇ ಕುಕ್ಕುತ್ತಿದ್ದ, ಬುಟ್ಟಿಯನ್ನು, ಅಮ್ಮನ ಮುಂದೆ. ಮರ ನೆಟ್ಟವಳು ಅಮ್ಮ, ನೀರು ಹೊತ್ತವಳು ಅಮ್ಮ, ಆದರೆ ನೆಲ ಅವನದು, ಆದ್ದರಿಂದ ಹಣ್ಣಿನಲ್ಲಿ ಅರ್ಧ ಅವನಿಗೆ. ಅಮ್ಮ ಎರಡು ಬುಟ್ಟಿ ಇಟ್ಟುಕೊಂಡು ನೆಲದ ಮೇಲೆ ಕೂತು ವಿಂಗಡಿಸುತ್ತಿದ್ದಳು, ಹಕ್ಕಿ ಕುಕ್ಕಿದ್ದನ್ನೆಲ್ಲ ಮಾಲೀಕನ ಬುಟ್ಟಿಗೆ, ಕುಕ್ಕಿದ ಮಗ್ಗುಲು ಕೆಳಗೆ ಬರುವಂತೆ. ಅವನಿಗೂ ಅಕ್ಕನಿಗೂ ನಗು ತಡೆಯಲಾಗುತ್ತಿರಲಿಲ್ಲ. "ಹಲ್ಲು ಕಿಸೀಬೇಡಿ, ಕೊಟ್ಟು ಬನ್ನಿ," ಎಂದು ಕಣ್ಣು ಬಿಡುತ್ತಿದ್ದಳು. ಕಪ್ಪಿಗೆ ತಿರುಗಿದ ನೇರಳೆ ಬಣ್ಣದ ಸಿಪ್ಪೆ, ಒಳಗೆ ಹಳದಿ ತಿರುಳು, ಬೆರಳಲ್ಲಿ ಒತ್ತಿದರೆ ಬೀಜ ಬೇರೆಯಾಗಿ ಉರುಳಿ ಬೀಳುತ್ತಿತ್ತು. ಅಮ್ಮ ಹೋದ ಮೇಲೆ, ಮನೆ ಬಿಟ್ಟ ಮೇಲೆ, ಮಾಲೀಕನ ಮಗ ಕಾರು ನಿಲ್ಲಿಸಲು ಶೆಡ್ಡು ಹಾಕಿಸುತ್ತಾನೆಂದು ಹೇಗೋ ಸುದ್ದಿ ತಿಳಿದು, ಅಕ್ಕ ರಾತ್ರಿ ಪಾಳಿ ಮುಗಿಸಿ ನೇರ ಅಲ್ಲಿಗೆ ಹೋಗಿ, ಮರ ಉರುಳುವ ಮೊದಲು ಹತ್ತು ಕಡ್ಡಿ ಕತ್ತರಿಸಿ, ಒದ್ದೆ ಟವೆಲ್ಲಿನಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದಳು. ಹತ್ತರಲ್ಲಿ ಎರಡು ಕಸಿ ಹತ್ತಿದವು. ಒಂದು ತನಗೆ, ಒಂದು ತಮ್ಮನಿಗೆ. ಅವಳದ್ದು ಮೂರನೇ ವರ್ಷ, ಬೀದಿಯ ಮೋರಿ ಒಡೆದು ನೀರು ನಿಂತು, ಬೇರು ಕೊಳೆತು ಹೋಯಿತು. ಅಂದು ಫೋನಿನಲ್ಲಿ ಹೇಳಿದ್ದಳು, "ಹೋಗ್ಲಿ ಬಿಡು, ನಿನ್ನದು ಇದೆಯಲ್ಲ. ನಿನ್ನ ಕೈಲಿ ಇದ್ರೆ ನಂಗೆ ಭಯ ಇಲ್ಲ." ಅವಳು ಹಾಗೆ ಹೇಳಿದ ಹೊತ್ತಿಗೆ ಅವನದ್ದು ಸತ್ತು ಎರಡು ವರ್ಷವಾಗಿತ್ತು.

ಸತ್ತು ಎಂದರೆ ತಪ್ಪಾಗುತ್ತದೆ. ಅವನೇ ಕತ್ತರಿಸಿದ್ದು. ಊರಿನಲ್ಲಿ ಅವನನ್ನು ಕರೆಯುವುದೇ ಕಟಿಂಗ್ ಮಾಸ್ಟ್ರು ಎಂದು. ಮೂವತ್ತು ವರ್ಷ ಪ್ಯಾಂಟು ಕೋಟುಗಳ ಬಟ್ಟೆ ಕತ್ತರಿಸಿದ ಕೈ, ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿ ಇಟ್ಟರೆ ಒಂದು ಎಳೆ ಅತ್ತಿತ್ತ ಹೋಗುವುದಿಲ್ಲ. ಕಸಿ ಕಟ್ಟಿದ ಮರು ವಸಂತದಲ್ಲಿ ಅದು ಮೊಣಕಾಲೆತ್ತರ ಇತ್ತು. ಕಸಿಯ ಗಂಟಿನ ಮೇಲಿದ್ದ ಅಮ್ಮನ ಕಡ್ಡಿ ಸೊಟ್ಟಗೆ, ಎರಡೇ ಎಲೆ ಬಿಟ್ಟುಕೊಂಡು, ಬದುಕಲೋ ಬೇಡವೋ ಎಂದು ನಿಂತಿತ್ತು. ಗಂಟಿನ ಕೆಳಗಿನಿಂದ, ಕಾಡುಗಿಡದ ಬುಡದಿಂದ, ಇನ್ನೊಂದು ಚಿಗುರು ಎದ್ದು, ಕೋಲಿನಂತೆ ನೆಟ್ಟಗೆ, ಮೈತುಂಬ ಎಲೆ ಹೊತ್ತು ಸೊಂಟದ ತನಕ ಬಂದಿತ್ತು. ಅಕ್ಕ ಕಾಗದದಲ್ಲಿ ಬರೆದುಕೊಟ್ಟಿದ್ದಳು, ಗಂಟಿನ ಕೆಳಗೆ ಏನು ಚಿಗುರಿದರೂ ಚಿವುಟಿ ಹಾಕು, ಅದು ಮೇಲಿನದನ್ನು ತಿಂದು ಹಾಕುತ್ತದೆ ಎಂದು. ಆ ಕಾಗದವನ್ನು ಅವನು ಓದಿರಲಿಲ್ಲವೆಂದಲ್ಲ. ಓದಿದ್ದ. ಆದರೆ ಆ ಭಾನುವಾರ ಅಂಗಡಿಯಿಂದ ಸಾಣೆ ಹಿಡಿಸಲೆಂದು ತಂದಿದ್ದ ದೊಡ್ಡ ಕತ್ತರಿ ಕೈಯಲ್ಲಿತ್ತು. ಅಂಗಡಿಯ ಹುಡುಗರು ಅದರಲ್ಲಿ ಕಾಗದ ಕತ್ತರಿಸಿದರೆ ಕೆನ್ನೆಗೆ ಬಾರಿಸುವಷ್ಟು ಸಿಟ್ಟಾಗುವವನು, ಅಂದು ಅದೇ ಕತ್ತರಿ ಹಿಡಿದು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಸೊಟ್ಟಗಿದ್ದದ್ದನ್ನೂ ನೆಟ್ಟಗಿದ್ದದ್ದನ್ನೂ ನೋಡಿದ. ಹಿಂದಿನ ದಿನ ಅಂಗಡಿಯಲ್ಲಿ, ಒಬ್ಬ ಡಾಕ್ಟರ ಕೋಟಿನ ತೋಳು ಅರ್ಧ ಇಂಚು ಗಿಡ್ಡವಾಗಿದೆಯೆಂದು, ಗಿರಾಕಿಗಳ ಮುಂದೆಯೇ ಯಜಮಾನ ಆ ಕೋಟನ್ನು ಎತ್ತಿ ತೋರಿಸಿ, "ವಯಸ್ಸಾಯ್ತು ಮಾಸ್ಟ್ರೇ, ಕನ್ನಡಕ ಬದಲಾಯಿಸಿ," ಎಂದು ನಕ್ಕಿದ್ದ. ಆ ನಗು ಇನ್ನೂ ಕಿವಿಯಲ್ಲಿತ್ತು. ಸೊಟ್ಟಗಿರುವುದರ ಮೇಲೆಯೇ ಅವನಿಗೆ ರೋಷ ಬಂತು. ಇದಕ್ಕೆ ಎಷ್ಟು ದಿನ ನೀರೆರೆಯುವುದು, ಬೆಳೆಯಲು ಮನಸ್ಸಿಲ್ಲದ್ದಕ್ಕೆ? ಕಚಕ್ ಎಂದು ಒಂದೇ ಏಟಿಗೆ ತೆಗೆದ. ಗೆರೆ ಹೊಡೆದಂತೆ ಶುದ್ಧವಾದ ಕಟಿಂಗು. ಎದ್ದು ನಿಂತು ನೆಟ್ಟಗಿನ ಗಿಡವನ್ನು ನೋಡಿ ಅವನಿಗೆ ಸಂತೋಷವೂ ಆಗಿತ್ತು, ಅದನ್ನು ನೆನೆದಾಗಲೇ ಈಗ ಹಲ್ಲು ಕಡಿಯುವಂತಾಗುವುದು.

ಮೂರನೇ ವರ್ಷದ ಹೊತ್ತಿಗೆ ಗಿಡ ಮರವಾಗಿ ಅವನ ತಲೆ ದಾಟಿತು. ಅಕ್ಕಪಕ್ಕದವರು ಮಾಸ್ಟ್ರ ಕೈಗುಣ ಎಂದರು. ಅವನು ಚಳಿಗಾಲದಲ್ಲಿ ಗೊಬ್ಬರ ಹಾಕಿದ, ಕೊಂಬೆ ಬಗ್ಗಲೆಂದು ಕಲ್ಲು ಕಟ್ಟಿ ಇಳಿಬಿಟ್ಟ, ಕಾಂಡದಿಂದ ಅಂಟು ಒಸರಿದಾಗ ಚಾಕುವಿನಲ್ಲಿ ಕೆರೆದು ಸುಣ್ಣ ಬಳಿದ. ಮುಳ್ಳು ಕಂಡಿತು, ಕಂಡರೂ ಎಳೆಯ ಮರಕ್ಕೆ ಮುಳ್ಳಿರುತ್ತದೆ ಎಂದುಕೊಂಡ. ಎಲೆ ಸಣ್ಣದೆನ್ನಿಸಿತು, ನೆಲದ ಗುಣ ಎಂದುಕೊಂಡ. ಹೂ ಬಿಟ್ಟಾಗ ಹೆಂಡತಿಯನ್ನು ಕರೆದು ತೋರಿಸಿ, ಅಕ್ಕನಿಗೆ ಫೋನ್ ಮಾಡಿ, "ಅಮ್ಮ ಹೂ ಬಿಟ್ಟಿದ್ದಾಳೆ," ಎಂದೂ ಹೇಳಿದ್ದ, ನಾಲಗೆ ಸೀದು ಹೋಗಬೇಕಿತ್ತು. ಹಣ್ಣು ಬಂತು. ಗೋಲಿ ಗಾತ್ರದ್ದು, ಹಳದಿಗೆಂಪು. ಇನ್ನೂ ಮಾಗಬೇಕೆಂದು ಎರಡು ವಾರ ಕಾದ. ಕೊನೆಗೊಂದು ಸಂಜೆ, ಅಂಗಡಿಯಿಂದ ಬಂದ ಷರ್ಟಿನಲ್ಲೇ ಹಿತ್ತಲಿಗೆ ಹೋಗಿ ಒಂದು ಕಿತ್ತು ಬಾಯಿಗೆ ಹಾಕಿದ. ಹುಳಿ, ಕಿವಿಯವರೆಗೂ ಜುಮ್ಮೆನ್ನುವ ಹುಳಿ, ತಿರುಳು ಬೀಜವನ್ನು ಬಿಡದೆ ಕಚ್ಚಿಕೊಂಡಿತ್ತು. ಉಗುಳಲಿಲ್ಲ. ನಿಂತಲ್ಲೇ ಒಂದಾದ ಮೇಲೊಂದು ಹತ್ತು ಹನ್ನೆರಡು ತಿಂದ, ಹೊಟ್ಟೆ ಕಿವುಚುವವರೆಗೂ ತಿಂದ. ಎರಡು ದಿನ ಅಂಗಡಿಗೆ ಹೋಗಲಾಗಲಿಲ್ಲ. ಮೂರನೇ ದಿನ ಅಕ್ಕನ ಫೋನು, "ಏನೋ, ಹಣ್ಣಾಯ್ತೇನೋ? ನಂಗೆ ನಾಲ್ಕು ಕಳಿಸ್ತೀಯೋ ಇಲ್ಲ ನೀನೇ ಮುಕ್ಕಿ ಮುಗಿಸ್ತೀಯೋ?" ಅದು ತಮಾಷೆ. ಆದರೆ ಚಿಕ್ಕಂದಿನಿಂದ ಅವಳ ಬಾಯಲ್ಲಿ ಅವನು ಜಿಪುಣ, ಮುಚ್ಚಿಟ್ಟು ತಿನ್ನುವವನು. ಆ ಸಂಜೆಯೇ ಬಸ್‌ಸ್ಟ್ಯಾಂಡಿನ ಎದುರಿನ ಹಣ್ಣಿನ ಅಂಗಡಿಗೆ ಹೋಗಿ, ನೇರಳೆ ಬಣ್ಣದ, ದುಂಡನೆಯ, ದೊಡ್ಡ ಪ್ಲಮ್‌ಗಳನ್ನು ಆರಿಸಿ ತಂದ. ಮೇಲೆ ಅಂಟಿಸಿದ್ದ ಚೀಟಿಗಳನ್ನು ಉಗುರಿನಲ್ಲಿ ಕಿತ್ತ. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಷರ್ಟಿನ ಡಬ್ಬದಲ್ಲಿ ಸಾಲಾಗಿ ಇಟ್ಟು, ನಿಜವೆನ್ನಿಸಲಿ ಎಂದು ಹಿತ್ತಲಿನ ಮರದ ನಾಲ್ಕು ಎಲೆ ಉದುರಿಸಿ ಕಳಿಸಿದ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಾರನೆಯ ವರ್ಷವೂ ಕಳಿಸಿದ. ಎರಡನೇ ಸಲ ಅಕ್ಕ ಫೋನಿನಲ್ಲಿ ಅತ್ತಳು. "ಅದೇ ಕಣೋ, ಅದೇ ರುಚಿ. ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ ಅನ್ನಿಸ್ತು." ಅವನು ಫೋನು ಕಿವಿಗೆ ಹಿಡಿದುಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಅವಳು ಅಳುವುದನ್ನು ಕೇಳಿ ಅವನಿಗೆ ಮೊದಲು ಬಂದದ್ದು ಸಿಟ್ಟು. ಅಂಗಡಿಯ ಹಣ್ಣು ಕೊಟ್ಟರೂ ಗೊತ್ತಾಗುವುದಿಲ್ಲ, ಇವಳಿಗೆ ಅಮ್ಮನ ಬಗ್ಗೆ ಮಾತಾಡುವ ಗತ್ತು ಬೇರೆ! ಆ ಸಿಟ್ಟು ಅವನಿಗೆ ಇಷ್ಟು ದಿನ ಆಸರೆಯಾಗಿತ್ತು. ಅಕ್ಕ ಈ ನಡುವೆ ಎರಡು ಸಲ ಬಂದಾಗಲೂ ಸಂಜೆ ಬಸ್ಸಿಗೆ ಬಂದು ಬೆಳಗಿನ ಬಸ್ಸಿಗೆ ಹೋಗಿದ್ದಳು. ಹಿತ್ತಲಿನ ದೀಪ ಕೆಟ್ಟಿದೆ ಎಂದು ಹೇಳಿ ತಪ್ಪಿಸಿಕೊಂಡಿದ್ದ.

ಒಂಬತ್ತೂವರೆಗೆ ಗೇಟಿನ ಚಿಲಕ ಸದ್ದಾಯಿತು. ಅಕ್ಕ ಚಪ್ಪಲಿ ಕೂಡ ಬಿಡದೆ ಮನೆಯ ಪಕ್ಕದ ಓಣಿಯಿಂದ ನೇರ ಹಿತ್ತಲಿಗೇ ಬಂದಳು. ಕೈಯಲ್ಲಿ ಚೀಲ, ಚೀಲದಲ್ಲಿ ಸ್ಪಿರಿಟ್ಟಿನ ಬಾಟಲಿ, ಹತ್ತಿ, ಆಪರೇಷನ್ ಬ್ಲೇಡು, ಬ್ಯಾಂಡೇಜು ಬಟ್ಟೆ. ಮರಕ್ಕೂ ಅವಳಿಗೆ ರೋಗಿಗೆ ಬೇಕಾದದ್ದೇ ಬೇಕು.

"ಇದೇನೋ ಅವತಾರ!" ಎಂದಳು ಮರವನ್ನು ನೋಡಿ, ಅವನನ್ನು ನೋಡುವ ಮೊದಲೇ. "ಎಲ್ಲಾ ಮೇಲಕ್ಕೇ ಹೋಗಿದೆ. ಒಳಗೆ ಬಿಸಿಲು ಹೇಗ್ ಬೀಳ್ಬೇಕು? ನಡುವಿನ ಕೊಂಬೆ ತೆಗೆದು ಬಟ್ಟಲಿನ ಥರ ಬಿಡಿಸು ಅಂತ ಬರೆದುಕೊಟ್ಟಿದ್ನಲ್ಲ?"

"ನಿಂಗೆ ಬೇಕಾದ್ದು ಕಡ್ಡಿ. ಕತ್ತರಿಸ್ಕೋ, ಹೊರಡು."

"ಅಬ್ಬಾ, ಮಾತು ನೋಡು! ಯಾರ ಮೇಲಿನ ಕೋಪ ಇದು?" ಕಿಟಕಿಯ ಕಡೆ ತಿರುಗಿ, "ಏನಮ್ಮಾ, ಬೆಳಗ್ಗೆ ಬೆಳಗ್ಗೆ ಏನು ಹಾಕಿದ್ದೀಯ ಇವನಿಗೆ?" ಎಂದಳು. ಹೆಂಡತಿ ನಗಲಿಲ್ಲ. ಅಕ್ಕ ಬ್ಲೇಡಿಗೆ ಸ್ಪಿರಿಟ್ ಹಚ್ಚಿ ಒರೆಸಿ, ಪೆನ್ಸಿಲ್ ದಪ್ಪದ ಕಡ್ಡಿಯೊಂದನ್ನು ಹಿಡಿದು ಬಗ್ಗಿಸಿ ನೋಡಿದಳು. ಬೆರಳು ಕಡ್ಡಿಯ ಮೇಲೆ ಓಡುತ್ತಾ ಹೋಗಿ ಒಂದು ಕಡೆ ನಿಂತಿತು. ಇನ್ನೊಂದು ಕಡೆ ನಿಂತಿತು. ವಾರ್ಡಿನಲ್ಲಿ ನಾಡಿ ಹುಡುಕಿ ಹುಡುಕಿ ಪಳಗಿದ ಬೆರಳು.

"ಇಲ್ಲೇನೋ ಕಿತ್ತಿದೀಯ? ಹಸಿ ಗಾಯ."

"ಹುಳ ಹಿಡಿದಿತ್ತು."

"ಹುಳ ಹಿಡಿದ ಗಾಯ ಹೀಗಿರುತ್ತಾ? ನಂಗೇ ಹೇಳ್ತೀಯಾ?" ಎಂದಳು. ಆಮೇಲೆ ತನ್ನಷ್ಟಕ್ಕೇ ಎಂಬಂತೆ, "ಪಾಪ, ಬೋಳುಬೋಳು ಮಾಡಿಟ್ಟಿದ್ದೀಯ. ಅಮ್ಮ ಇದ್ದಿದ್ರೆ ನಿನ್ನ ಕೈಗೆ ಎರಡು ಕೊಟ್ಟಿರೋಳು," ಎಂದಳು.

ಪಾಪ ಎಂದದ್ದು ಯಾರಿಗೆ, ಮರಕ್ಕೆ. ಅಮ್ಮನನ್ನು ಎಳೆದು ತಂದದ್ದು ಯಾಕೆ, ಅವನ ಮೇಲೆ ಹೊಡೆಯಲಿಕ್ಕೆ. ಅವಳು ಯಾವಾಗಲೂ ಹೀಗೆ. ಅಮ್ಮನ ಕೊನೆಯ ದಿನಗಳಲ್ಲೂ ಆಸ್ಪತ್ರೆಯ ಕೋಣೆಯಲ್ಲಿ ಅವನು ಲೋಟಕ್ಕೆ ನೀರು ಬಗ್ಗಿಸಿದರೆ, ಹಾಗಲ್ಲ ಕೊಡು ಎಂದು ಕಿತ್ತುಕೊಳ್ಳುತ್ತಿದ್ದಳು. ಅಮ್ಮನಿಗೆ ಒಂದು ಗುಟುಕು ನೀರು ಕುಡಿಸಲಿಕ್ಕೂ ಇವಳಿಂದ ಪರ್ಮಿಷನ್. ಆಗ ಅವನು ಮಾಡಿದ್ದೇನು, ಕಾರಿಡಾರಿಗೆ ಹೋಗಿ ಬೆಂಚಿನ ಮೇಲೆ ಕೂತು ಗೋಡೆಯ ಮೇಲಿನ ಉಗುಳಬಾರದು ಎಂಬ ಬೋರ್ಡನ್ನು ಓದಿದ್ದು. ಬ್ಲೇಡು ಮೊದಲ ಕಡ್ಡಿಗೆ ತಾಗಿತು. ಅಕ್ಕ ಅದನ್ನು ಕತ್ತರಿಸಿ, ಕೆಳಗೆ ಬೀಳದಂತೆ ಅಂಗೈಯಲ್ಲಿ ಹಿಡಿದು, ಒದ್ದೆ ಬಟ್ಟೆಯ ಮೇಲೆ ಮಲಗಿಸಿದಳು. ಹಾಗೆ ಮಲಗಿಸಿದ ರೀತಿ ಅವನಿಂದ ನೋಡಲಾಗಲಿಲ್ಲ. ಇನ್ನೈದು ವರ್ಷ ಇವಳು ಈ ಮುಳ್ಳಿನ ಕಡ್ಡಿಗೆ ನೀರೆರೆಯುತ್ತಾಳೆ. ಅರವತ್ತು ದಾಟಿದವಳು. ಐದು ವರ್ಷದ ಮೇಲೆ ಒಂದು ದಿನ ಬಾಯಿಗಿಟ್ಟುಕೊಳ್ಳುತ್ತಾಳೆ.

"ಬಿಡೇ ಅದನ್ನ!" ಎಂದು ಕಿರುಚಿದ. "ಅದು ಅಮ್ಮನ ಮರ ಅಲ್ಲ."

ಅಕ್ಕ ತಿರುಗಿ ನೋಡಿದಳು. "ಏನಂದೆ?"

"ಕಾಡುಗಿಡ ಅದು. ನೀನು ಕಟ್ಟಿದ ಕಸಿ ಯಾವತ್ತೋ ಹೋಯ್ತು."

ಅವಳ ಮುಖ ಅವನಿಗೆ ಚೆನ್ನಾಗಿ ಗೊತ್ತಿದ್ದ ರೀತಿಯಲ್ಲಿ ಬಿಗಿಯಿತು. "ಕೊಡೋಕೆ ಇಷ್ಟ ಇಲ್ದಿದ್ರೆ ಇಷ್ಟ ಇಲ್ಲ ಅನ್ನು. ಕಥೆ ಕಟ್ಟಬೇಡ. ಅಮ್ಮನ ಹೊಲಿಗೆ ಮಷಿನ್ ನೀನಿಟ್ಕೊಂಡೆ, ನಾನೊಂದು ಮಾತಾಡಿದ್ನಾ? ಈಗ ನಾಲ್ಕು ಕಡ್ಡಿಗೂ ಹೀಗಾ? ನಿನ್ನ ಮರದಿಂದ ನಾನೇನು ಹೊತ್ಕೊಂಡು ಹೋಗ್ತೀನೋ?"

"ಅಕ್ಕಾ, ನಿಜ ಹೇಳ್ತಿದೀನಿ."

"ಎರಡು ವರ್ಷ ಹಣ್ಣು ತಿಂದಿದೀನಿ ನಾನು. ನಂಗೆ ಗೊತ್ತಿಲ್ವಾ ಯಾವ ಮರ ಅಂತ? ನಾಚಿಕೆ ಆಗ್ಬೇಕು ನಿಂಗೆ." ಎರಡನೆಯ ಕಡ್ಡಿಗೆ ಕೈ ಹಾಕಿದಳು.

ಜನ್ಮದಲ್ಲಿ ಒಂದು ಸಲ ನಿಜ ಹೇಳಿದರೆ ಅದಕ್ಕೂ ಜಿಪುಣ ಎಂಬ ಬಿರುದು! ಅವನು ಮರದ ಬುಡಕ್ಕೆ ಮಂಡಿಯೂರಿ ಬಿದ್ದು, ಎರಡೂ ಕೈಯಲ್ಲಿ ಮಣ್ಣು ಬಗೆಯತೊಡಗಿದ. ಗೊಬ್ಬರ, ಒಣಗಿದ ಎಲೆ, ಎರೆಹುಳ, ಕಲ್ಲು. ಉಗುರು ಕಿತ್ತು ಹೋದಂತೆ ಉರಿಯಿತು. "ರೀ, ಸಾಕು ಬಿಡ್ರೀ," ಎಂದು ಹೆಂಡತಿ ಹಿತ್ತಲ ಬಾಗಿಲಿಗೆ ಬಂದಳು. ಅವನು ಬಗೆಯುತ್ತಲೇ ಇದ್ದ. ಗೇಣು ಆಳದಲ್ಲಿ ಹಳೆಯ ಗಂಟು ಸಿಕ್ಕಿತು. ಇಷ್ಟು ವರ್ಷ ಅದರ ಮೇಲೆ ಗೊಬ್ಬರ ಹಾಕುವ ನೆಪದಲ್ಲಿ ಮಣ್ಣು ಏರಿಸುತ್ತಾ ಬಂದಿದ್ದ. ಗಂಟಿನ ಕೆಳಗೆ ಒಂದು ಮಗ್ಗುಲಿನಿಂದ ದಪ್ಪ ಕಾಂಡ ಮೇಲೆದ್ದಿತ್ತು. ಗಂಟಿನ ಮೇಲೆ ಹೆಬ್ಬೆರಳಿನ ಉದ್ದದ ಒಂದು ಮೋಟು, ಕಪ್ಪಾಗಿ, ಒಣಗಿ.

"ನೋಡು! ಕಣ್ಣು ಬಿಟ್ಟು ನೋಡು! ಇದು ಅಮ್ಮನದು. ನಾನೇ ಕತ್ತರಿಸಿದ್ದು. ಸೊಟ್ಟಗಿದೆ ಅಂತ ಕತ್ತರಿಸಿದ್ದು!"

ಅಕ್ಕ ಚೀಲ ಕೆಳಗಿಟ್ಟು ಅವನ ಪಕ್ಕದಲ್ಲಿ ಮಂಡಿಯೂರಿದಳು. ಮಂಡಿನೋವಿನವಳು, ಅವನ ಭುಜ ಹಿಡಿದುಕೊಂಡೇ ಕೂತಳು. ಮೋಟಿನ ತುದಿಯನ್ನು ಬೆರಳಲ್ಲಿ ಮುಟ್ಟಿದಳು, ಮಣ್ಣನ್ನು ಊದಿ ತೆಗೆದಳು. ಅದರ ಕೆಳಗೆ ಅವಳೇ ಆರು ವರ್ಷದ ಹಿಂದೆ ಸುತ್ತಿದ ಬ್ಯಾಂಡೇಜಿನ ಒಂದು ಎಳೆ ತೊಗಟೆಯೊಳಗೆ ಹೂತುಕೊಂಡಿತ್ತು.

"ಯಾವುದ್ರಲ್ಲಿ ಕತ್ತರಿಸಿದೆ?" ಎಂದು ಕೇಳಿದಳು.

"ಅಂಗಡಿ ಕತ್ತರೀಲಿ."

ಅವಳು ತಲೆಯಾಡಿಸಿದಳು. ಆಮೇಲೆ, "ಹಾಗಾದ್ರೆ ಹಣ್ಣು?" ಎಂದಳು.

ಅವನು ಹೆಂಡತಿಯ ಕಡೆ ನೋಡಿದ. ಅವಳು ಬಾಗಿಲಿನ ಚೌಕಟ್ಟು ಹಿಡಿದು ನೆಲ ನೋಡುತ್ತಿದ್ದಳು. "ಕೊಂಡದ್ದು," ಎಂದ. ಅಕ್ಕ ಮೋಟಿನ ಸುತ್ತಲಿನ ಮಣ್ಣನ್ನು ಮತ್ತೆ ಸರಿಸತೊಡಗಿದಳು. ಅವಳು ಬೈಯಬೇಕಿತ್ತು, ಬೈದಿದ್ದರೆ ಅವನೂ ಬೈದು ಎಲ್ಲ ಒಂದು ಹಂತಕ್ಕೆ ಬರುತ್ತಿತ್ತು. ಅವಳು ಬೈಯದ್ದೇ ಅವನನ್ನು ಇನ್ನಷ್ಟು ಕೆರಳಿಸಿತು. ಎದ್ದು ನಿಂತ. "ಎರಡು ಸಲಾನೂ ಕೊಂಡದ್ದೇ. ನಾನೇ ಚೀಟಿ ಕಿತ್ತು ಕಳಿಸಿದ್ದು. ನೀನು ಫೋನಲ್ಲಿ ಅತ್ತೆಯಲ್ಲ, ಅದನ್ನೂ ಕೇಳಿಸ್ಕೊಂಡು ಸುಮ್ನಿದ್ದೆ. ನಿಂಗೆ ಗೊತ್ತಾಗ್ಲಿಲ್ಲವಲ್ಲ! ಅಮ್ಮ ಅಮ್ಮ ಅಂತ ಜೀವ ತಿಂತೀಯ, ಯಾರೋ ಎಲ್ಲೋ ಬೆಳೆದ ಹಣ್ಣು ಕೊಟ್ರೆ ಅಮ್ಮ ಪಕ್ಕದಲ್ಲಿ ಕೂತಿದ್ದಾಳೆ ಅಂತೀಯ. ನಾನು ಕೊಂಬೆ ಕತ್ತರಿಸ್ದೆ, ಸರಿ, ಪಾಪಿ. ನೀನು? ನಿನ್ನ ನಾಲಗೆಗೆ ಏನಾಗಿತ್ತು?" ಇಷ್ಟು ವರ್ಷ ಒಳಗೆ ಕೂಡಿಟ್ಟಿದ್ದ ಮಾತು ಹೊರಗೆ ಬಿದ್ದಿತ್ತು. ಈಗ ಅವಳು ಅಳುತ್ತಾಳೆ ಎಂದುಕೊಂಡ. ಅಳಲಿ.

ಅಕ್ಕ ಅವನ ಕಡೆ ಮುಖ ಎತ್ತಿದಳು. ಕಣ್ಣಲ್ಲಿ ನೀರಿತ್ತು, ನಿಜ. ಆದರೆ ಅವಳು ಏನನ್ನೋ ಜ್ಞಾಪಿಸಿಕೊಳ್ಳುತ್ತಿರುವವಳ ಹಾಗೆ ಬಾಯಿಯೊಳಗೆ ನಾಲಗೆಯನ್ನು ಮೆಲ್ಲಗೆ ಆಡಿಸುತ್ತಿದ್ದಳು.

"ಯಾವ ಅಂಗಡಿ?"

"ಏನು?"

"ಯಾವ ಅಂಗಡೀಲಿ ತಂದೆ ಅಂತ ಕೇಳ್ತಿದೀನಿ. ಎರಡು ಸಲಾನೂ ಒಂದೇ ಅಂಗಡೀನಾ?"

"ಬಸ್‌ಸ್ಟ್ಯಾಂಡ್ ಎದುರಿನದು. ಅದೆಲ್ಲ ಈಗ ಯಾಕೆ?"

"ಅದೇ ರುಚಿ ಇತ್ತು ಕಣೋ," ಎಂದಳು, ಜಗಳದ ದನಿಯಲ್ಲೇ. "ನಾನೇನು ಸುಳ್ಳು ಹೇಳಿದ್ನಾ? ಸಿಪ್ಪೆ ಮೇಲೆ ಬೂದಿ ಉಜ್ಜಿದ ಹಾಗೆ ಇತ್ತು. ಬೀಜ ಹಾಗೇ ಉರುಳಿ ಬಿತ್ತು. ಕೊನೇಲಿ ಒಂಚೂರು ಒಗರು, ಅದೂ ಇತ್ತು. ಅದು ಅದೇ ಜಾತಿ ಹಣ್ಣು, ನಂಗೆ ಅನುಮಾನಾನೇ ಇಲ್ಲ. ಎಲ್ಲೋ ಆ ಮರ ಇದೆ. ನಿಂಗೆ ಹಾಗನ್ನಿಸ್ಲಿಲ್ವಾ?"

ಹಣ್ಣು ಆರಿಸಿದ್ದು, ಚೀಟಿ ಕಿತ್ತದ್ದು, ಒರೆಸಿದ್ದು, ಸಾಲಾಗಿ ಇಟ್ಟದ್ದು, ಎಲ್ಲ ಅವನ ಕಣ್ಣಿಗೆ ಕಟ್ಟಿದಂತೆ ಬಂತು. ಕೊಂಡದ್ದರಲ್ಲಿ ಡಬ್ಬದಲ್ಲಿ ಹಿಡಿಯದೆ ಎರಡು ಹಣ್ಣು ಮಿಕ್ಕಿದ್ದವು. ಅವು ಮೇಜಿನ ಮೇಲೆ ಕೂತು ತನ್ನನ್ನೇ ನೋಡುತ್ತಿವೆ ಎನ್ನಿಸಿ, ತೆಗೆದು ಕಸದ ಬುಟ್ಟಿಗೆ ಹಾಕಿದ್ದ.

"ನೀನು ತಿಂದಿದ್ಯಾ, ಇಲ್ವಾ?" ಎಂದಳು ಅಕ್ಕ.

"ಇಲ್ಲ."

"ಒಂದೂ?"

"ಒಂದೂ ಇಲ್ಲ."

ಅಕ್ಕ ಅವನನ್ನು ನೋಡಿದಳು. ಮೋಟನ್ನು ನೋಡಿದಾಗ ಇಲ್ಲದ ಸಿಟ್ಟು ಈಗ ಅವಳ ಮುಖಕ್ಕೆ ಬಂತು. ಕಾಂಡ ಹಿಡಿದುಕೊಂಡು ತಾನೇ ಎದ್ದಳು, ಅವನು ನೀಡಿದ ಕೈಯನ್ನು ಹಿಡಿಯಲಿಲ್ಲ. ಒದ್ದೆ ಬಟ್ಟೆಯ ಮೇಲಿದ್ದ ಕಡ್ಡಿಯನ್ನು ತೆಗೆದು ಬುಡದ ಗುಂಡಿಗೆ ಎಸೆದು, ಬ್ಲೇಡು ಸುತ್ತಿ ಚೀಲಕ್ಕೆ ಹಾಕಿಕೊಂಡು, ಓಣಿಯಿಂದ ಗೇಟಿನ ಕಡೆ ನಡೆದಳು. ಗೇಟಿನ ಹತ್ತಿರ, ಹಿಂತಿರುಗಿ ನೋಡದೆ, "ಅಂಗಡಿ ತೋರ್ಸು ಬಾ," ಎಂದಳು. "ಎಲ್ಲಿಂದ ತರಿಸ್ತಾನೆ ಅಂತ ಕೇಳ್ಬೇಕು."

ಕೈಯ ಮಣ್ಣನ್ನು ಕೂಡ ತೊಳೆದುಕೊಳ್ಳದೆ ಅವನು ಅವಳ ಹಿಂದೆ ಓಡಿದ.